ಏಳು ಗಂಟೆಯೊಳಗೆ ಮನೆಗೆ

ಹೈದರಾಬಾದಿನಲ್ಲಿ ಓದುವ ಹುಡುಗಿಗೆ ತಿಂಗಳಿಗೆ ಏನು ಬೀಳುತ್ತದೆ ಎಂಬ ಲೆಕ್ಕವನ್ನು ಕಲ್ಯಾಣಪ್ಪ ಆಳಂದದಲ್ಲಿ ಕಾಳುಕಡಿ ವ್ಯಾಪಾರದ ತನ್ನ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತೇ ಹಾಕಿ ಮುಗಿಸಿದ್ದ. ಗಚ್ಚಿಬೌಲಿ ಕಡೆ ಪೀಜಿ ಎಂದರೆ ಒಂಬತ್ತು ಸಾವಿರ. ಅಲ್ಲಿಯ ಊಟ ಬಾಯಿಗೆ ಹತ್ತುವುದಿಲ್ಲವಾದ್ದರಿಂದ ಹೊರಗಿನ ತಿಂಡಿಗೆ ಇನ್ನೆರಡು ಸಾವಿರ. ವಿಶ್ವವಿದ್ಯಾಲಯದ ಹಾಸ್ಟೆಲ್ಲು ಅಗ್ಗ, ಆದರೆ ಮಗಳಿಗೆ ಅದು ಸಿಕ್ಕಿರಲಿಲ್ಲ. ಪಟಾನ್‌ಚೆರುವಿನಲ್ಲಿ ತಂಗಿ ಸಾವಿತ್ರಿಬಾಯಿಯ ಮನೆಯಲ್ಲಿಟ್ಟರೆ ಬಸ್ ಪಾಸಿಗೆ ಆರುನೂರು, ವರ್ಷಕ್ಕೊಂದು ಚೀಲ ಜೋಳ, ಒಂದಿಷ್ಟು ತೊಗರಿಬೇಳೆ. ಬೇಳೆ ಹೇಗೂ ಅಂಗಡಿಯದೇ. ಲೆಕ್ಕ ಅಲ್ಲಿಗೆ ಕೂತಿತು.

ಅವನು ಫೋನು ಮಾಡಿದಾಗ ಸಾವಿತ್ರಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ, ಫೋನನ್ನು ಕಿವಿಗೆ ಹಿಡಿದದ್ದು ಮಗಳು ಪಿಂಕಿ.

"ತಂಗಿ, ಸ್ನೇಹಲತಾಗ ಎಂಎ ಸೀಟು ಸಿಕ್ಕೈತಿ. ನಿಮ್ಮ ಮನ್ಯಾಗ ಇರ್ತಾಳ. ಒಂದ ಮಾತು, ಏಳು ಗಂಟೆದೊಳಗ ಮನಿ ಸೇರಬೇಕು. ಜವಾಬ್ದಾರಿ ನಿಂದು. ಮಾತು ಕೊಡು."

"ಕೊಟ್ಟೆ ಅಣ್ಣಾ" ಎಂದಳು ಸಾವಿತ್ರಿಬಾಯಿ. ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು.

ಪಟಾನ್‌ಚೆರುವಿನ ಸಂತೆ ಬೀದಿಯ ಹಿಂದೆ ಮೂರು ಖೋಲಿಯ ಮನೆ. ಗಂಡ ಸಿದ್ದರಾಮಪ್ಪ ಮಾತ್ರೆ ತಯಾರಿಸುವ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಪಿಂಕಿ ಹತ್ತನೇ ಕ್ಲಾಸು. ಇವರೆಲ್ಲರ ಮೇಲೆ ಸಿದ್ದರಾಮಪ್ಪನ ತಾಯಿ ಗುಂಡಮ್ಮ, ಎಂಬತ್ತು ದಾಟಿದವಳು. ಸಕ್ಕರೆ ಕಾಯಿಲೆ ಇತ್ತು, ಹಲ್ಲು ಇರಲಿಲ್ಲ, ದನಿ ಮಾತ್ರ ಗಟ್ಟಿಯಾಗಿತ್ತು. ಆಗಸ್ಟಿನಲ್ಲಿ ಸ್ನೇಹಲತಾ ಒಂದು ಸೂಟ್‌ಕೇಸು, ಒಂದು ಚೀಲ ಜೋಳದೊಂದಿಗೆ ಬಂದಿಳಿದಾಗ ಗುಂಡಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡಳು.

"ಏನ್ ಓದಾಕ ಬಂದೀಯವಾ?"

"ಇತಿಹಾಸ, ಆಯಿ."

"ಅಂದ್ರ?"

"ಹಿಂದಿನ ರಾಜರು, ಮಂದಿ, ಅವರ ಕಾಲದ ಸುದ್ದಿ."

"ಸತ್ತವರ ಸುದ್ದಿ ಕೇಳಾಕ ಇಷ್ಟು ದೂರ ಬರಬೇಕಿತ್ತಾ? ನನ್ನ ಮುಂದ ಕುಂದರು, ಒಂದು ವರ್ಷ ಆದ್ರೂ ಮುಗಿಯಂಗಿಲ್ಲ."

ಅದೇ ಸಂಜೆ ಗುಂಡಮ್ಮ ಮನೆಯ ಕಾಯಿದೆಯನ್ನೂ ಹೇಳಿದಳು. ಸ್ನೇಹಲತಾ ಸೊಸೆಯ ತವರುಮನೆಯ ಕೂಸು. ತವರುಮನೆಯ ಹೆಣ್ಣುಮಗು ಉಣ್ಣುವ ಮುಂಚೆ ಈ ಮನೆಯಲ್ಲಿ ಯಾರೂ ಕೈ ತೊಳೆಯುವಂತಿಲ್ಲ. ಗುಂಡಮ್ಮನ ಅತ್ತೆ ಹಾಗೆ ನಡೆಸಿದ್ದಳು, ಗುಂಡಮ್ಮನೂ ಹಾಗೇ ನಡೆಸುವವಳು.

ಮೊದಲ ಕೆಲವು ವಾರ ಎಲ್ಲವೂ ಸಲೀಸು. ಸ್ನೇಹಲತಾ ಆರೂವರೆಗೇ ಬರುತ್ತಿದ್ದಳು. ಕೈಕಾಲು ತೊಳೆದು ನೇರವಾಗಿ ಅಡುಗೆಮನೆಗೆ. ಅತ್ತೆ ಸಾವಿತ್ರಿಬಾಯಿ ರೊಟ್ಟಿ ಬಡಿಯಬೇಕು, ಇವಳು ಬೇಯಿಸಬೇಕು, ಬೇಯಿಸುತ್ತ ದಿನದ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ಮೇಷ್ಟ್ರು ಏನಂದರು, ಬಸ್ಸಿನಲ್ಲಿ ಯಾರು ಜಗಳಾಡಿದರು, ಕ್ಯಾಂಟೀನಿನಲ್ಲಿ ಯಾವ ಹುಡುಗ ಯಾರ ಚಹಾದ ದುಡ್ಡು ಕೊಟ್ಟ. ಸಾವಿತ್ರಿಬಾಯಿ ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಪಟಾನ್‌ಚೆರುವಿನ ಸಂತೆ, ಲಿಂಗಂಪಲ್ಲಿಯ ಬಟ್ಟೆ ಅಂಗಡಿ, ಸಂಬಂಧಿಕರ ಲಗ್ನಗಳು, ಇಷ್ಟೇ ಅವಳ ಹೈದರಾಬಾದು. ಆ ಒಂದು ತಾಸಿಗಾಗಿ ಅವಳು ಮಧ್ಯಾಹ್ನದಿಂದಲೇ ಕಾಯತೊಡಗಿದ್ದಳು ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ಅತ್ತಿ, ನಿಮಗ ಬಸ್ಸು ಫ್ರೀ ಐತಿ. ನನ್ನ ಆಧಾರ ಕರ್ನಾಟಕದ್ದು, ನಾ ಪಾಸ್ ತಗೋಬೇಕು. ನೀವು ಪುಕ್ಕಟೆ ಊರೆಲ್ಲಾ ತಿರಗಬೋದು."

"ಪುಕ್ಕಟೆ ಐತಿ ಅಂತ ಎಲ್ಲಿಗಿ ಹೋಗ್ಲಿ? ಡ್ರೈವರನ ಮುಖಾ ನೋಡಾಕ?"

ಬರಬರುತ್ತ ಆರೂವರೆ ಏಳಾಯಿತು, ಏಳು ಏಳೂಮುಕ್ಕಾಲಾಯಿತು. ಹುಡುಗಿಗೆ ಊರಿನ ರುಚಿ ಹತ್ತಿತ್ತು. ಲೈಬ್ರರಿಯ ಓದುವ ಕೋಣೆಗೆ ಬೀಗವೇ ಇಲ್ಲವಂತೆ. ಅಬಿಡ್ಸಿನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಪುಸ್ತಕ ರಾಶಿ ಹಾಕುತ್ತಾರಂತೆ, ಅಂಗಡಿಯಲ್ಲಿ ಸಾವಿರದ ಪುಸ್ತಕ ಅಲ್ಲಿ ನೂರಕ್ಕೆ. ಲಿಂಗಂಪಲ್ಲಿಯಿಂದ ಲೋಕಲ್ ರೈಲು ಹತ್ತಿದರೆ ಹತ್ತು ಹದಿನೈದು ರೂಪಾಯಿಗೆ ನಾಂಪಲ್ಲಿ. ಉರ್ದು ಓದಲು ಬರೆಯಲು ಕಲಿಸುವ ಕ್ಲಾಸೊಂದು ಸಂಜೆ ಬಿಟ್ಟಿ ನಡೆಯುತ್ತದಂತೆ; ನಿಜಾಮರ ಕಾಲದ ಕಾಗದಗಳನ್ನು ಓದಬೇಕಾದರೆ ಉರ್ದು ಬೇಕೇ ಬೇಕು.

"ರಾತ್ರಿ ಲೈಬ್ರರಿ ತಗದಿಟ್ಟು ಏನ್ ಮಾಡ್ತಾರ? ಇಲಿ ಓದತಾವೇನು?" ಎಂದು ಗುಂಡಮ್ಮ ಕೇಳುತ್ತಿದ್ದಳು.

"ಆಯಿ, ಅಲ್ಲಿ ಜಾಗಾ ಸಿಗಂಗಿಲ್ಲ ಅಷ್ಟು ಮಂದಿ ಇರ್ತಾರ."

"ಅವರ ಮನ್ಯಾಗ ಲೈಟ್ ಇಲ್ಲೇನು ಪಾಪ."

ಸಿದ್ದರಾಮಪ್ಪನಿಗೆ ಫ್ಯಾಕ್ಟರಿಯಿಂದ ಬರುತ್ತಲೇ ಊಟ ಬೇಕು. ಬೆಳಿಗ್ಗೆ ಐದಕ್ಕೆ ಏಳುವವನು. ಎಂಟಾದರೂ ತಟ್ಟೆ ಬೀಳದಿದ್ದರೆ ಬಾಗಿಲಿಗೂ ಒಲೆಗೂ ನಡುವೆ ಸುತ್ತುತ್ತಿದ್ದ.

"ಸಾವಿತ್ರಿ, ನಮ್ಮ ಹೊಟ್ಟಿ ನಿಮ್ಮ ತವರಮನಿ ಟೈಮಿನ ಮ್ಯಾಲ ನಡೀಬೇಕೇನು?"

"ನಿಮ್ಮ ಅವ್ವನ ಕೇಳ್ರಿ. ಕಾಯಿದೆ ಅವರದು."

"ಅವ್ವಾ?"

"ಕೂಸು ಬರಲಿ" ಎಂದು ಒಳಗಿನಿಂದ ಉತ್ತರ.

ಪಿಂಕಿ ಮಾತ್ರ ಕಾಯಿದೆಯನ್ನು ತಣ್ಣಗೆ ಮುರಿಯುತ್ತಿದ್ದಳು. ಬಚ್ಚಲಿಗೆ ಹೋಗುವ ನೆಪದಲ್ಲಿ ರೊಟ್ಟಿ ಬುಟ್ಟಿಗೆ ಕೈ ಹಾಕಿ, ಶೇಂಗಾ ಹಿಂಡಿ ಸವರಿಕೊಂಡು ತಿಂದು, ಮತ್ತೆ ಬಂದು ಎಲ್ಲರಿಗಿಂತ ಹಸಿದ ಮುಖ ಮಾಡಿಕೊಂಡು ಕೂರುತ್ತಿದ್ದಳು.

ನವೆಂಬರ್ ಕೊನೆಗೆ ಒಂದು ದಿನ ಸ್ನೇಹಲತಾಳ ಕ್ಲಾಸಿನವರೆಲ್ಲ ಗೋಲ್ಕೊಂಡದ ಗೋರಿಗಳನ್ನು ನೋಡಲು ಹೋದರು. ಬರುವಾಗ ಮೆಹದೀಪಟ್ನಂ ಬಳಿ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತದ್ದು ನಿಂತೇ ಬಿಟ್ಟಿತು. ಫೋನಿನ ಬ್ಯಾಟರಿ ಮುಗಿದಿತ್ತು. ಇತ್ತ ಮನೆಯಲ್ಲಿ ಏಳೂವರೆಗೆ ಗುಂಡಮ್ಮ ತನ್ನ ಸಕ್ಕರೆಯ ಗುಳಿಗೆ ನುಂಗಿದಳು. ಹೊತ್ತಿಗೆ ಸರಿಯಾಗಿ ನುಂಗಬೇಕು, ನುಂಗಿದ ಕೂಡಲೇ ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದರು. ಅದರಲ್ಲಿ ಮೊದಲ ಅರ್ಧವನ್ನು ಅವಳು ನಿಷ್ಠೆಯಿಂದ ಪಾಲಿಸಿದಳು.

"ಅವ್ವಾರ, ನೀವಾದ್ರೂ ಉಣ್ರಿ" ಎಂದಳು ಸಾವಿತ್ರಿಬಾಯಿ.

"ಕೂಸು ಬರಲಿ."

ಎಂಟಾಯಿತು. ಎಂಟೂವರೆ. ಸಾವಿತ್ರಿಬಾಯಿ ಗೇಟಿನ ಹತ್ತಿರ ನಿಂತಿದ್ದಾಗ ಪಿಂಕಿ ಒಳಗಿನಿಂದ ಕೂಗಿದಳು.

"ಮಮ್ಮೀ! ಆಯಿ ನನ್ನ 'ಅಂಬವ್ವ' ಅಂತ ಕರೀಲಾಕತ್ತಾಳ! ಅಂಬವ್ವ ಯಾರು?"

ಅಂಬವ್ವ ಗುಂಡಮ್ಮನ ತಂಗಿ, ಸತ್ತು ಎಷ್ಟೋ ಕಾಲವಾಗಿತ್ತು. ಸಾವಿತ್ರಿಬಾಯಿ ಓಡಿ ಬಂದು ನೋಡಿದರೆ ಅತ್ತೆಯ ಹಣೆಯ ತುಂಬ ಬೆವರು, ನಾಲಿಗೆ ತೊದಲುತ್ತಿದೆ, ಕೈ ನಡುಗುತ್ತಿದೆ. ಸಿದ್ದರಾಮಪ್ಪ ಡಬ್ಬಿಯಿಂದ ಸಕ್ಕರೆ ಬಾಚಿ ನೀರಿಗೆ ಹಾಕಿ ಚಮಚ ಚಮಚವಾಗಿ ಕುಡಿಸಿದ. ಪಕ್ಕದ ಓಣಿಯ ಡಾಕ್ಟರು ಚಪ್ಪಲಿಯಿಲ್ಲದೆ ಬಂದರು. ಅವರು ಬೆರಳು ಚುಚ್ಚಿ ನೋಡುವಷ್ಟರಲ್ಲಿ ಗುಂಡಮ್ಮನಿಗೆ ಎಚ್ಚರ ನೆಟ್ಟಗಾಗಿತ್ತು. ಬಾಯಿ ಚಪ್ಪರಿಸಿ ಅವಳು ಆಡಿದ ಮೊದಲ ಮಾತು:

"ಎಷ್ಟು ವರ್ಷ ಆಗಿತ್ತು ಸಕ್ರಿ ನೀರು ಕುಡದು. ಇನ್ನೊಂದು ಚಮಚ ಹಾಕೋ."

ಎಲ್ಲರಿಗೂ ನಗು ಬಂತು, ಸಾವಿತ್ರಿಬಾಯಿಗೆ ಅಳುವೂ ಬಂತು. ಸರಿಯಾಗಿ ಆಗಲೇ ಸ್ನೇಹಲತಾ ಬಾಗಿಲಲ್ಲಿ ಕಾಣಿಸಿಕೊಂಡಳು, ಕೂದಲ ತುಂಬ ಧೂಳು.

"ಬಂದ್ಲು ನೋಡು ಮಹಾರಾಣಿ!" ಸಿದ್ದರಾಮಪ್ಪನ ದನಿ ಬೀದಿಗೆ ಕೇಳಿಸಿತು. "ಗೋರಿ ನೋಡಾಕ ಹೋಗಿದ್ದಿ, ಮನ್ಯಾಗ ಒಂದು ಗೋರಿ ತಯಾರಾಗಾಕತ್ತಿತ್ತು. ನೋಡು."

ಸ್ನೇಹಲತಾ ಅಜ್ಜಿಯನ್ನು ನೋಡಿದಳು, ಡಾಕ್ಟರನ್ನು ನೋಡಿದಳು, ಮುಟ್ಟದೆ ಮುಚ್ಚಿಟ್ಟ ತಟ್ಟೆಗಳನ್ನು ನೋಡಿದಳು. ಹೆದರಿಕೆಗೆ ಅವಳ ಬಾಯಿಂದ ಬರಬಾರದ ಮಾತು ಬಂತು.

"ನನ್ನ ಸಲುವಾಗಿ ಕಾಯ್ರಿ ಅಂತ ನಾ ಹೇಳಿದ್ನ್ಯಾ?"

ಆ ರಾತ್ರಿ ತವರುಮನೆಯ ಕೂಸು ಉಣ್ಣಲಿಲ್ಲ. ಉಳಿದವರು ಉಂಡರು.

ಮರುದಿನ ಸ್ನೇಹಲತಾ ಅಜ್ಜಿಯ ಕಾಲು ಹಿಡಿದು ಅತ್ತಳು, ಗುಂಡಮ್ಮ "ಸತ್ತಿಲ್ಲ ಬಿಡು" ಎಂದು ತಲೆ ನೇವರಿಸಿದಳು. ಅಷ್ಟಕ್ಕೆ ಮುಗಿಯುತ್ತಿತ್ತೇನೋ. ಆದರೆ ಮಧ್ಯಾಹ್ನ ಆಳಂದದಿಂದ ಫೋನು ಬಂದಾಗ ಎತ್ತಿದವಳು ಗುಂಡಮ್ಮ. ತಾನು ಸಾವಿನ ಬಾಗಿಲು ತಟ್ಟಿ ಸಕ್ಕರೆ ನೀರು ಕುಡಿದು ತಿರುಗಿ ಬಂದ ಕತೆಯನ್ನು ಒಂದಕ್ಷರ ಬಿಡದೆ, ಎರಡು ಹೆಚ್ಚಿಗೆ ಸೇರಿಸಿ, ಕಲ್ಯಾಣಪ್ಪನಿಗೆ ಹೇಳಿದಳು. ಕೂಸು ಗೋರಿ ನೋಡಿ ಒಂಬತ್ತಕ್ಕೆ ಬಂದದ್ದೂ ಕತೆಯೊಳಗಿತ್ತು.

ಸಂಜೆ ಕಲ್ಯಾಣಪ್ಪ ತಂಗಿಗೆ ಫೋನು ಮಾಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಏಳು ಗಂಟೆ ಅಂತ ಮಾತು ಕೊಟ್ಟಿದ್ದಿ ತಂಗಿ. ಇರ್ಲಿ. ಈ ಪರೀಕ್ಷಾ ಬರೀಲಿ. ಎಳ್ಳ ಅಮಾಸಿಗೆ ನಾನ ಬಂದು ಕರ್ಕೊಂಡು ಹೋಗ್ತೀನಿ. ಅಫಜಲಪುರದ ಕಡಿಂದ ಒಂದು ಸಂಬಂಧನೂ ಬಂದೈತಿ."

ಸ್ನೇಹಲತಾಳಿಗೆ ಇದನ್ನು ಹೇಳಿದಾಗ ಅವಳು ಬೇಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು. ಬಾಯಿ ಬಿಟ್ಟವಳು ಪಿಂಕಿ.

"ಮಮ್ಮೀ, ಅಕ್ಕಗ ಹಾಸ್ಟೆಲ್ ಸಿಕ್ಕೈತಿ. ಯಾರೋ ನೌಕರಿ ಸಿಕ್ಕು ಖೋಲಿ ಖಾಲಿ ಮಾಡ್ಯಾರಂತ. ಹೊಸ ವರ್ಷಕ್ಕ ಸೇರಬೇಕಂತ, ಮಾಮಾ ಒಪ್ಪಿದ್ರ. ನಿನಗ ಹೇಳಾಕ ಅಂಜಾಕತ್ತಾಳ."

ಸಾವಿತ್ರಿಬಾಯಿಯ ಕೈ ಹಿಟ್ಟಿನ ಮೇಲೆ ನಿಂತಿತು.

"ನಮ್ಮ ಮನಿ ಸಾಕಾತೇನವಾ?"

"ಇಲ್ಲತ್ತಿ. ದಿನಾ ಮೂರು ತಾಸು ಬಸ್ಸಿನ್ಯಾಗ ಹೋಗ್ತೈತಿ. ಉರ್ದು ಕ್ಲಾಸು ಅರ್ಧಕ್ಕ ಎದ್ದು ಬರ್ತೀನಿ. ಓದಾಕತ್ತಿದ್ರೂ ಕಣ್ಣು ಗಡಿಯಾರದ ಮ್ಯಾಲ. ಅಲ್ಲಿ ಇದ್ರೂ ನಾ ಅಲ್ಲಿ ಇರಂಗಿಲ್ಲ, ಇಲ್ಲಿ ಬಂದ್ರ ನಿದ್ದಿ."

"ಹಂಗಾರ ನಾ ನಿಮ್ಮಪ್ಪಗ ಏನ್ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ" ಎಂದಳು ಹುಡುಗಿ. "ನಿಮ್ಮ ಮಾತು ಕೆಡಿಸಿದ್ದು ನಾನ."

ಸಾವಿತ್ರಿಬಾಯಿ ಎರಡು ದಿನ ಯೋಚಿಸಿದಳು. ಯೋಚನೆ ಅಂದರೆ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿತ್ತು, ಅಷ್ಟೇ. ಅವಳು ಒಂದು ಮಾತು ಅಂದರೆ ಅಣ್ಣ ಕೇಳಬಹುದು. ಆದರೆ ಆ ಮಾತು ಆಡಿದರೆ ಹುಡುಗಿ ಹಾಸ್ಟೆಲ್ಲಿಗೆ ಹೋಗುತ್ತಾಳೆ. ಆಡದಿದ್ದರೆ ಆಳಂದಕ್ಕೆ ಹೋಗುತ್ತಾಳೆ. ಎರಡರಲ್ಲೂ ಅಡುಗೆಮನೆ ಖಾಲಿ. ಹಾಗಿರುವಾಗ ಯಾವುದಕ್ಕಾಗಿ ಖಾಲಿಯಾಗುತ್ತಿದೆ ಎಂದಾದರೂ ಕಣ್ಣಾರೆ ನೋಡಬೇಕು ಅನ್ನಿಸಿತು. ಮೂರನೆಯ ದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿಕೊಂಡು ಸಿದ್ಧಳಾದಳು.

"ಎಲ್ಲಿಗಿ ಹೊಂಟಿ?" ಎಂದ ಸಿದ್ದರಾಮಪ್ಪ.

"ಎಂಎ ಓದಾಕ."

ಬಸ್ಸಿನಲ್ಲಿ ಕಂಡಕ್ಟರು ಆಧಾರ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟ. ಅವಳು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಸ್ನೇಹಲತಾಳ ಜೊತೆ ವಿಶ್ವವಿದ್ಯಾಲಯದ ಗೇಟಿನ ಒಳಗೆ ಹೆಜ್ಜೆಯಿಡುತ್ತಲೇ ಮೊದಲು ಆಶ್ಚರ್ಯವಾದದ್ದು ಕಾಲೇಜು ಕಂಡಲ್ಲ, ನೆಲ ಕಂಡು. ಊರ ನಡುವೆ ಇಷ್ಟೊಂದು ಬಯಲು! ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತಿದ್ದವು, ಕುರುಚಲು ಕಾಡು, ನೀರಿರುವ ಕೆರೆ, ನವಿಲು ಬೇರೆ. ಆಮೇಲೆ ಲೈಬ್ರರಿ. ಸ್ನೇಹಲತಾ ಪರವಾನಗಿ ಕೇಳಿ ಒಳಗೆ ಕರೆದೊಯ್ದಳು. ಸಾವಿತ್ರಿಬಾಯಿ ಉದ್ದನೆಯ ಮೇಜುಗಳನ್ನು ನೋಡಿದಳು. ಒಂದು ಹುಡುಗಿ ಕಾಲು ಮಡಚಿ ಕುರ್ಚಿಯ ಮೇಲೆ ಕುಳಿತು ಪೆನ್ನು ಕಚ್ಚುತ್ತಿದ್ದಳು. ಇನ್ನೊಬ್ಬಳು ಪುಸ್ತಕದ ಮೇಲೇ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಒಬ್ಬ ಹುಡುಗ ಎದ್ದು ಹೋಗಿ, ನಿದ್ದೆ ಹೋದವಳ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಪರದೆ ಎಳೆದು ಬಂದು ಮತ್ತೆ ಓದತೊಡಗಿದ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

"ಇಷ್ಟು ಸುಮ್ನ ಇಷ್ಟು ಮಂದಿ ಕುಂತದ್ದು ನಾ ಎಲ್ಲೂ ನೋಡಿಲ್ಲ" ಎಂದು ಅವಳು ಹೊರಗೆ ಬಂದು ಪಿಸುಗುಟ್ಟಿದಳು. "ಮಠದಾಗೂ ಇಲ್ಲ."

ಮಧ್ಯಾಹ್ನ ಮರದ ಕೆಳಗೆ ಗಂಟು ಬಿಚ್ಚಿದಾಗ ಸ್ನೇಹಲತಾಳ ಗೆಳತಿ ಸುಮತಿ ಬಂದಳು, ರಾಯಚೂರಿನವಳು. ಹಿಂದೆಯೇ ಆನಂದಕುಮಾರ, ಹುಮನಾಬಾದಿನ ಹುಡುಗ. ಸಂಶೋಧನೆ ಮಾಡುತ್ತ ಅಲ್ಲೇ ಗಡ್ಡ ಬೆಳೆಸಿದವನು. ರೊಟ್ಟಿಯ ವಾಸನೆಗೆ ಇನ್ನೂ ನಾಲ್ಕು ಜನ ಕೂಡಿದರು. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಣ್ಣೆದುರೇ ಮಾಯ.

"ಅತ್ತಿಯವರ, ನೀವು ದಿನಾ ಬರ್ರಿ" ಎಂದ ಆನಂದಕುಮಾರ. "ನಾವ್ ನಿಮಗ ಫೀ ಇಲ್ದ ಡಿಗ್ರಿ ಕೊಡಸ್ತೀವಿ."

"ಮೆಸ್ಸಿನ್ಯಾಗ ಏನ್ ಹಾಕ್ತಾರೋ ನಿಮಗ?"

"ಅನ್ನ ಹಾಕ್ತಾರ್ರಿ. ಮ್ಯಾಲ ಅನ್ನ ಹಾಕ್ತಾರ. ಎಳ್ಳ ಅಮಾಸಿಗೂ ಅನ್ನನ ಈ ಸಲ. ಇವರ ಪರೀಕ್ಷಾ ಮುಗದ ಮರುದಿನಾನ ಅಮಾಸಿ, ನನಗ ಸಂಶೋಧನೆದ ಪೇಪರ್ ಬರೆಯೋದು ಐತಿ, ಯಾರಿಗೂ ಊರಿಗಿ ಹೋಗಾಕ ಆಗಂಗಿಲ್ಲ."

ಕಲಬುರಗಿ, ಬೀದರ ಕಡೆಯವರಿಗೆ ಎಳ್ಳ ಅಮಾವಾಸ್ಯೆ ಎಂದರೆ ದೀಪಾವಳಿಗಿಂತ ದೊಡ್ಡದು. ಅವತ್ತು ಹೊಲದಲ್ಲಿ ಊಟ. ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುವ ದಿನ. ಊರು ಬಿಟ್ಟ ಮೇಲೆ ಸಾವಿತ್ರಿಬಾಯಿ ಅದನ್ನು ಮಾಳಿಗೆಯ ಮೇಲೆ ಹೂಕುಂಡಗಳ ನಡುವೆ ಕೂತು ಮುಗಿಸುತ್ತಿದ್ದಳು. ಈಗ ಹಿಂದೆಮುಂದೆ ನೋಡದೆ ಅಂದುಬಿಟ್ಟಳು:

"ಇಷ್ಟು ಬಯಲು ಇಟ್ಕೊಂಡು ಅನ್ನ ಯಾಕ ತಿಂತೀರಿ? ನಾ ತರ್ತೀನಿ. ಎಷ್ಟು ಮಂದಿ ಇದ್ದೀರಿ?"

"ಒಂದು ಹತ್ತು ಮಂದಿರಿ" ಎಂದ ಆನಂದಕುಮಾರ, ಆಕಾಶ ನೋಡುತ್ತ.

ಐದಕ್ಕೆ ಹೊರಡಬೇಕು ಎಂದುಕೊಂಡಿದ್ದಳು. ಕೆರೆಯ ದಂಡೆಯಲ್ಲಿ ಕೂತದ್ದು ಸ್ವಲ್ಪ ಹೆಚ್ಚಾಯಿತು. ಉರ್ದು ಕ್ಲಾಸಿನಲ್ಲಿ ಮೇಷ್ಟ್ರು ಇವಳಿಗೂ ಒಂದು ಕುರ್ಚಿ ಕೊಟ್ಟರು. ಬಲದಿಂದ ಎಡಕ್ಕೆ ತನ್ನ ಹೆಸರು ಬರೆದು ತೋರಿಸಿದಾಗ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಲಿಂಗಂಪಲ್ಲಿಯಲ್ಲಿ ಸುಮತಿ ಇರಾನಿ ಚಹಾ ಕುಡಿಸದೆ ಬಿಡಲಿಲ್ಲ. ಬಸ್ ಸ್ಟಾಪಿಗೆ ಬಂದರೆ ಪಟಾನ್‌ಚೆರು ಬಸ್ಸಿನ ತುಂಬ ಶಿಫ್ಟಿನ ಜನ, ಒಂದು ಬಿಟ್ಟರು, ಎರಡು ಬಿಟ್ಟರು. ಮೂರನೆಯದರಲ್ಲಿ ಅತ್ತೆ, ಹುಡುಗಿ ಇಬ್ಬರೂ ಒಂದೇ ಕಂಬಕ್ಕೆ ಜೋತುಬಿದ್ದರು. ಕತ್ತಲಲ್ಲಿ, ಗಂಡಸರ ಮೊಣಕೈಗಳ ನಡುವೆ, ಸಾವಿತ್ರಿಬಾಯಿಗೆ ಮೊದಲ ಸಲ ಅರ್ಥವಾಯಿತು, ಹುಡುಗಿಗೆ ಬಂದಕೂಡಲೇ ನಿದ್ದೆ ಯಾಕೆ ಬರುತ್ತದೆಂದು.

ಮನೆ ಮುಟ್ಟಿದಾಗ ಎಂಟೂಕಾಲು. ಬಾಗಿಲಲ್ಲಿ ಪಿಂಕಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏಳು ಗಂಟೆದೊಳಗ ಮನಿ ಸೇರಬೇಕು. ಜವಾಬ್ದಾರಿ ಯಾರ್ದು?"

ಸಿದ್ದರಾಮಪ್ಪ ಒಲೆಯ ಮುಂದೆ ನಿಂತು ಉಪ್ಪಿಟ್ಟು ಕೆದಕುತ್ತಿದ್ದ. ತಳ ಹಿಡಿದಿತ್ತು. ಗುಂಡಮ್ಮ ಮಂಚದ ಮೇಲೆ ತೃಪ್ತಳಾಗಿ ಕುಳಿತಿದ್ದಳು, ಉಂಡಾಗಿತ್ತು.

"ಅವ್ವಾರ, ನೀವು ನನಗ ಕಾಯ್ಲಿಲ್ಲ?"

"ನಿನ್ನ ಯಾಕ ಕಾಯ್ಬೇಕು?" ಎಂದಳು ಗುಂಡಮ್ಮ. "ನೀ ಏನ್ ತವರಮನಿ ಕೂಸಾ? ನೀ ಸೊಸಿ."

ಆ ರಾತ್ರಿ ಸುಟ್ಟ ಉಪ್ಪಿಟ್ಟು ತಿನ್ನುತ್ತ ಎಲ್ಲರೂ ನಕ್ಕಷ್ಟು ಆ ಮನೆಯಲ್ಲಿ ಬಹಳ ದಿನದಿಂದ ನಕ್ಕಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಕಲ್ಯಾಣಪ್ಪ ಬಂದ. ಮಗಳನ್ನು ಕರೆದೊಯ್ಯಲು ಬಂದವನಾದರೂ ಬರಿಗೈಯಲ್ಲಿ ಬಂದಿರಲಿಲ್ಲ. ಹಸಿ ತೊಗರಿಕಾಯಿ, ಕಡಲೆ ಗಿಡ, ಮೆಂತ್ಯ, ಹುಣಸಿಕ್ಕಿ ಸೊಪ್ಪು, ಸಜ್ಜೆ ಹಿಟ್ಟು ಎಲ್ಲವೂ ಚೀಲದಲ್ಲಿದ್ದವು. ಮನೆಯೊಳಗೆ ನೆರೆಮನೆಗಳಿಂದ ತಂದ ದೊಡ್ಡ ಪಾತ್ರೆಗಳನ್ನು ನೋಡಿ ಗಾಬರಿಯಾದ.

"ಯಾರ್ದು ಲಗ್ನ?"

"ಲಗ್ನ ಅಲ್ಲಣ್ಣಾ. ನಾಳಿ ಹೊಲಕ್ಕ ಹೋಗೋದೈತಿ."

"ಹೈದರಾಬಾದದಾಗ ಯಾವ ಹೊಲ?"

"ನಿನ್ನ ಮಗಳ ಹೊಲ" ಎಂದಳು ಸಾವಿತ್ರಿಬಾಯಿ. "ಸುಮ್ನ ತೊಗರಿಕಾಯಿ ಬಿಡಸು ಬಾ."

ನಸುಕಿಗೇ ಎಲ್ಲರೂ ಎದ್ದರು. ಸೊಪ್ಪು, ಕಾಳು, ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸುವ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಅಂಬಲಿ. ಸರಕಿನ ಆಟೋ ಒಂದನ್ನು ಗೊತ್ತು ಮಾಡಿ, ಮುಂದೆ ಗುಂಡಮ್ಮ, ಹಿಂದೆ ಪಾತ್ರೆಗಳ ನಡುವೆ ಉಳಿದವರು. ಕೆರೆಯ ಪಕ್ಕದ ಬಂಡೆಯ ನೆರಳಲ್ಲಿ ಜಮಖಾನೆ ಹಾಸಿ ನೋಡಿದರೆ, ಆನಂದಕುಮಾರನ ಹತ್ತು ಮಂದಿಯಲ್ಲಿ ಮೂವತ್ತು ಜನರಾದರೂ ಇದ್ದರು. ಬೀದರಿನವರು, ರಾಯಚೂರಿನವರು, ಲಾತೂರಿನ ಇಬ್ಬರು ಮರಾಠಿ ಹುಡುಗಿಯರು, ಏನೆಂದು ಗೊತ್ತಿಲ್ಲದೆ ಬಂದ ಒಬ್ಬ ಕೇರಳದವನು.

ಗುಂಡಮ್ಮ ಐದು ಕಲ್ಲು ಆರಿಸಿ ತರಿಸಿದಳು. ಸುಣ್ಣ ಬಳಿದು ಸಾಲಾಗಿ ಇಟ್ಟರು, ಅವೇ ಪಾಂಡವರು. ಅರಿಸಿನ, ಕುಂಕುಮ, ಕಾಯಿ. ಅಷ್ಟರಲ್ಲಿ ಸೀಟಿ ಊದುತ್ತ ಸೆಕ್ಯುರಿಟಿಯವ ಓಡಿ ಬಂದ.

"ಏಯ್, ಏಂದಿದಿ? ಅಮಾಸ ನಾಡು ಚೇತಬಡಿ ಚೇಸ್ತುನ್ನಾರಾ?"

ಅಮಾವಾಸ್ಯೆಯ ದಿನ ಯಾರೋ ಮಾಟ ಮಾಡುತ್ತಿದ್ದಾರೆ ಎಂದು ಅವನು ಬೆವೆತಿದ್ದ. ಹುಡುಗರೆಲ್ಲ ಒಟ್ಟಿಗೇ ನಾಲ್ಕು ಭಾಷೆಯಲ್ಲಿ ಹೇಳಹೋಗಿ ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಸಾವಿತ್ರಿಬಾಯಿ ಭಜ್ಜಿಯ ಪಾತ್ರೆಯ ಮುಚ್ಚಳ ತೆಗೆದಳು. ಅವನು ಬಗ್ಗಿ ನೋಡಿದ, ಮೂಸಿದ, ಸೀಟಿಯನ್ನು ಜೇಬಿಗಿಳಿಸಿದ.

"ಮಾದಿ ಜಹೀರಾಬಾದಮ್ಮಾ" ಎಂದವನು ಕನ್ನಡಕ್ಕೆ ಹೊರಳಿದ. "ಬೀದರ ಮಗ್ಗಲ ಊರು ನಮ್ಮದು. ನಮ್ಮ ಕಡೀನೂ ಇದೇ ಹಬ್ಬ ಐತಿ. ಸಜ್ಜಿ ರೊಟ್ಟಿನೂ ತಂದೀರಾ?"

ಅವನೂ ಕುಳಿತ. ಅನ್ನ, ರೊಟ್ಟಿ ಚೂರು ಕಲಸಿದ ಚರಗವನ್ನು ಗುಂಡಮ್ಮ ಮುಷ್ಟಿ ಮುಷ್ಟಿ ತೂರುತ್ತ, "ಹುಲ್ಲುಲ್ಲಿಗೋ" ಎಂದು ಹೊಲದಲ್ಲಿ ಕೂಗುವಂತೆಯೇ ಕೂಗಿದಳು. ಮಕ್ಕಳೆಲ್ಲ ಬಂಡೆಗಳಿಗೆ ಬಡಿದು ತಿರುಗಿ ಬರುವಂತೆ ದನಿಗೂಡಿಸಿದರು. ನವಿಲುಗಳು ಎದ್ದು ಓಡಿದವು.

ಮೂವತ್ತು ಜನಕ್ಕೆ ಸಾಲುವ ಹಾಗೆ ಬಡಿಸುವುದು ಕಲ್ಯಾಣಪ್ಪನ ಪಾಲಿಗೆ ಬಂತು. ಅವನು ತೋಳೇರಿಸಿ ರೊಟ್ಟಿ ಬುಟ್ಟಿ ಹಿಡಿದ. ಒಬ್ಬೊಬ್ಬರನ್ನೂ ಯಾವೂರು, ಅಪ್ಪ ಏನು ಮಾಡುತ್ತಾನೆ, ಎಷ್ಟನೇ ವರ್ಷ ಎಂದು ವಿಚಾರಿಸುತ್ತ ಬಡಿಸಿದ. ಒಬ್ಬಳ ಅಪ್ಪ ಟೇಲರು, ಒಬ್ಬನ ತಾಯಿ ಅಂಗನವಾಡಿಯಲ್ಲಿ ಕೆಲಸ, ಒಬ್ಬನ ಮನೆಯವರು ಇಲ್ಲೇ ಜೀಡಿಮೆಟ್ಲಾದಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ಸ್ನೇಹಲತಾಳ ಮೇಷ್ಟ್ರೂ ಬಂದು ನೆಲದ ಮೇಲೆ ಕುಳಿತು ಎರಡು ಸಲ ಭಜ್ಜಿ ಹಾಕಿಸಿಕೊಂಡರು. "ನಿಮ್ಮ ಮಗಳು ಪ್ರಶ್ನೆ ಚೆನ್ನಾಗಿ ಕೇಳ್ತಾಳೆ" ಎಂದರು.

"ಮನ್ಯಾಗೂ ಹಂಗ ರೀ" ಎಂದ ಕಲ್ಯಾಣಪ್ಪ, ಹೊಗಳಿಕೆಯೋ ದೂರೋ ತಿಳಿಯದೆ.

ಊಟವಾದ ಮೇಲೆ ಅಣ್ಣ ತಂಗಿ ನಲ್ಲಿಯ ಹತ್ತಿರ ಪಾತ್ರೆ ತೊಳೆಯಲು ಕೂತರು. ಸಾವಿತ್ರಿಬಾಯಿ ತಲೆಯೆತ್ತದೆ ಹೇಳಿದಳು:

"ಅಣ್ಣಾ, ಏಳು ಗಂಟೆದ ಮಾತು ಕೊಟ್ಟಿದ್ನೆಲ್ಲಾ. ಅದನ್ನ ವಾಪಸ್ ತಗೊಂಡೆ."

"ಕೊಟ್ಟ ಮಾತು ವಾಪಸ್ ತಗೊಳ್ಳೋದು ಎಲ್ಲಿ ಕಲ್ತಿ?"

"ಪಟಾನ್‌ಚೆರು ಬಸ್ಸಿನ್ಯಾಗ. ನಾನ ಆವತ್ತು ಎಂಟೂಕಾಲಕ್ಕ ಬಂದೆ. ನಿನಗ ಅಂಜಿಕಿ ಯಾವುದರದು ಹೇಳು? ಓದಿಂದೋ, ಕತ್ತಲದಾಗ ರಸ್ತೆದ್ದೋ?"

"ರಸ್ತೆದ್ದ."

"ಹಂಗಾರ ಕೇಳು. ನನ್ನ ಮನ್ಯಾಗ ಇದ್ರ ಅಕಿ ದಿನಾ ಕತ್ತಲದಾಗ ರಸ್ತೆದಾಗ ಇರ್ತಾಳ. ಹಾಸ್ಟೆಲ್ಲಿನ್ಯಾಗ ಇದ್ರ ರಸ್ತಾನ ಇಲ್ಲ. ಲೈಬ್ರರಿ ಅಲ್ಲಿ, ಖೋಲಿ ಅಲ್ಲಿ. ಮನಿ ಅಂತ ನಾವು ಹಿಡ್ಕೊಂಡ ಕುಂತಿದ್ದಕ್ಕ ಅಕಿ ಬಸ್ ಸ್ಟಾಪಿನ್ಯಾಗ ನಿಂತಾಳ."

ಕಲ್ಯಾಣಪ್ಪ ಒಂದು ಪಾತ್ರೆಯನ್ನು ಎರಡು ಸಲ ತೊಳೆದ.

"ಅಫಜಲಪುರದವರಿಗೆ ಏನ್ ಹೇಳ್ಲಿ?"

"ಹುಡುಗಿ ಓದಾಕತ್ತಾಳ ಅಂತ ಹೇಳು. ಅದೇನ್ ಸುಳ್ಳಾ?"

ಅವನು ಕೈ ಒರೆಸಿಕೊಂಡು ಮಗಳನ್ನು ಕರೆದ. "ಏನ್ ಮಾಡ್ತಿಯವಾ, ಈ ಇತಿಹಾಸ ಓದಿ?"

ಸ್ನೇಹಲತಾ ಅತ್ತೆಯ ಮುಖ ನೋಡಿದಳು. ಸಾವಿತ್ರಿಬಾಯಿ ಪಾತ್ರೆ ತಿಕ್ಕುತ್ತಲೇ ಇದ್ದಳು.

"ಇನ್ನೂ ಗೊತ್ತಿಲ್ಲಪ್ಪಾ. ಕಾಲೇಜಿನ್ಯಾಗ ಕಲಿಸೋ ನೌಕರಿ ಸಿಗಬೋದು, ಸಿಗದನೂ ಇರಬೋದು. ಆದ್ರ ಅರ್ಧಕ್ಕ ಬಿಟ್ಟು ಬಂದ್ರ ನಾ ನಿನ್ನ ಮ್ಯಾಲ ಸಿಟ್ಟಾಗೇ ಇರ್ತೀನಿ. ಭಾಳ ದಿನ."

ಕಲ್ಯಾಣಪ್ಪ ಬಂಡೆಗಳ ಕಡೆ ತಿರುಗಿದ. "ಈ ಕಲ್ಲು ಯಾರ್ ಇಟ್ಟಾರ ಹಿಂಗ, ಒಂದರ ಮ್ಯಾಲೊಂದು?" ಎಂದು ಕೇಳಿದ.

"ಯಾರೂ ಇಟ್ಟಿಲ್ಲಪ್ಪಾ. ತಾವ ಕುಂತಾವ."

"ಹೂಂ" ಎಂದ ಅವನು. "ಪರೀಕ್ಷಾ ಮುಗಿಯೋ ತನಕ ಇರು ಹಾಸ್ಟೆಲ್ಲಿನ್ಯಾಗ. ಎಂಎ ಎಷ್ಟು ವರ್ಷ?"

"ಎರಡು."

"ಎರಡನೇ ವರ್ಷದ ಪರೀಕ್ಷಾ ಅಂದೆ ನಾ" ಎಂದ ಕಲ್ಯಾಣಪ್ಪ, ಮತ್ತು ಬುಟ್ಟಿ ಎತ್ತಿಕೊಂಡು ಆಟೋದ ಕಡೆ ನಡೆದ.

ಜನವರಿಯ ಮೊದಲ ವಾರ ಸ್ನೇಹಲತಾ ಸೂಟ್‌ಕೇಸು ತೆಗೆದುಕೊಂಡು ಹೋದಳು. ಅಳುವ ಕೆಲಸವನ್ನು ಪಿಂಕಿ ಎಲ್ಲರ ಪರವಾಗಿ ಮಾಡಿದಳು. ಗುಂಡಮ್ಮ ಅಂದಿನಿಂದ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಸಿದ್ದರಾಮಪ್ಪನ ತಟ್ಟೆ ಎಂಟರೊಳಗೆ ಬೀಳುತ್ತದೆ. ಸಾವಿತ್ರಿಬಾಯಿ ಮೊದಲಿನಂತೆ ಒಬ್ಬಳೇ ರೊಟ್ಟಿ ಬಡಿಯುತ್ತಾಳೆ, ಒಬ್ಬಳೇ ಬೇಯಿಸುತ್ತಾಳೆ. ಸಂಜೆಯ ಆ ಒಂದು ತಾಸಿಗೆ ಮಾತಾಡುವವರಿಲ್ಲ, ಅದು ಈಗಲೂ ಅವಳಿಗೆ ಹಿಡಿಸುವುದಿಲ್ಲ.

ಅದರ ಬದಲಿಗೆ ತಿಂಗಳಿಗೊಂದು ಭಾನುವಾರ ಹುಡುಗಿ ಲಿಂಗಂಪಲ್ಲಿಯ ಸ್ಟೇಷನ್ನಿನಲ್ಲಿ ಕಾದಿರುತ್ತಾಳೆ, ಇಬ್ಬರೂ ರೈಲು ಹತ್ತಿ ಊರು ನೋಡಲು ಹೋಗುತ್ತಾರೆ. ಇಲ್ಲಿಯವರೆಗೆ ಸಾಲಾರ್‌ಜಂಗ್ ಮ್ಯೂಸಿಯಂ ಆಗಿದೆ, ಪುಸ್ತಕದ ಫುಟ್‌ಪಾತ್ ಆಗಿದೆ, ಗೋಲ್ಕೊಂಡದ ಗೋರಿಗಳೂ ಆಗಿವೆ. ಸಂಜೆಗಳು ಹೋದವು, ಭಾನುವಾರಗಳು ಬಂದವು. ಹೋದವು ಹೆಚ್ಚು, ಬಂದವು ಕಡಿಮೆ. ಆದರೂ ಈ ಭಾನುವಾರಗಳನ್ನು ಕೊಟ್ಟು ಆ ಸಂಜೆಗಳನ್ನು ತಿರುಗಿ ಪಡೆಯುತ್ತೀಯಾ ಎಂದು ಯಾರಾದರೂ ಕೇಳಿದರೆ ಸಾವಿತ್ರಿಬಾಯಿ ಒಪ್ಪುವುದಿಲ್ಲ.